ಕಿಂಡಿ, ಒನಕೆ, ಎರಡು ಕಣ್ಣು: ಪುಟ್ಟಣ್ಣ ಕಣಗಾಲರ ದೃಶ್ಯಜೋಡಣೆ

‘ನಾಗರಹಾವು’ ಚಿತ್ರವನ್ನು ಎಂದೋ ನೋಡಿದ ಒಬ್ಬರನ್ನು ಅದರ ಕಥೆ ಹೇಳಿರೆಂದು ಕೇಳಿ ನೋಡಿ. ರಾಮಾಚಾರಿ, ಚಾಮಯ್ಯ ಮೇಷ್ಟರು, ಅಲಮೇಲು, ಮಾರ್ಗರೆಟ್ ಎಂದು ನಾಲ್ಕು ಹೆಸರುಗಳು ಬರುತ್ತವೆ. ಯಾವುದರ ಮೇಲೆ ಯಾವುದಾಯಿತು ಎಂಬಲ್ಲಿಗೆ ಬಂದಾಗ ಎಳೆ ಕಡಿದುಹೋಗುತ್ತದೆ. ಆದರೆ ಓಬವ್ವನ ಹಾಡಿನ ಮಾತೆತ್ತಿ. ಅದೇ ವ್ಯಕ್ತಿ ನೆಟ್ಟಗೆ ಕುಳಿತು, ಎರಡು ಕೈಗಳಿಂದ ಇಲ್ಲದ ಒನಕೆಯೊಂದನ್ನು ಎತ್ತಿ ತೋರಿಸುತ್ತಾನೆ. ಕಲ್ಲಿನ ಕಿಂಡಿ, ಅದರಿಂದ ಹೊರಬರುವ ತಲೆ, ಮೇಲೆದ್ದ ಒನಕೆ, ಜಯಂತಿಯವರ ಕೆಂಡದಂತಹ ಕಣ್ಣುಗಳು—ಇವು ಐವತ್ತು ವರ್ಷಗಳು ಕಳೆದ ಮೇಲೂ ಅಳಿಸಿಲ್ಲ.

ಇದು ಸ್ವಲ್ಪ ವಿಚಿತ್ರವೇ ಸರಿ. ಓಬವ್ವ ಆ ಚಿತ್ರದ ಕಥೆಗೆ ಸೇರಿದವಳಲ್ಲ. 1972ರಲ್ಲಿ ತೆರೆಕಂಡ, ಎನ್. ವೀರಾಸ್ವಾಮಿಯವರು ನಿರ್ಮಿಸಿದ ಆ ಚಿತ್ರ ತ.ರಾ.ಸು. ಅವರ ಮೂರು ಕಾದಂಬರಿಗಳನ್ನು ಕೂಡಿಸಿಕೊಂಡು ಹೊರಟದ್ದು. ಅದರ ಕಾಲ ನಮ್ಮ ಕಾಲ. ಓಬವ್ವನಾದರೋ ಹದಿನೆಂಟನೆಯ ಶತಮಾನದವಳು. ಹೈದರಾಲಿಯ ಸೈನ್ಯ ಚಿತ್ರದುರ್ಗವನ್ನು ಮುತ್ತಿದಾಗ ಬುರುಜಿನ ಕಾವಲುಗಾರನೊಬ್ಬನ ಹೆಂಡತಿಯಾಗಿದ್ದವಳು. ಜಯಂತಿಯವರು ಅತಿಥಿಯಾಗಿ ಬಂದು ಒಂದು ಹಾಡಿನ ಮಟ್ಟಿಗೆ ತೆರೆಯ ಮೇಲೆ ನಿಂತು ಹೋದವರು. ಕೆಲವೇ ನಿಮಿಷಗಳ ಈ ಅತಿಥಿ ಮನೆಯ ಯಜಮಾನಿಯಂತೆ ನಮ್ಮ ನೆನಪಿನಲ್ಲಿ ನೆಲೆಯೂರಿದ್ದು ಹೇಗೆ? ನಟಿಯ ಪ್ರತಿಭೆ ಎನ್ನಬಹುದು, ಚಿ. ಉದಯಶಂಕರರ ಸಾಹಿತ್ಯ, ವಿಜಯಭಾಸ್ಕರರ ಸಂಗೀತ, ಪಿ.ಬಿ. ಶ್ರೀನಿವಾಸರ ಕಂಠ ಎನ್ನಬಹುದು. ಎಲ್ಲವೂ ನಿಜ. ಇವೆಲ್ಲವನ್ನೂ ಒಂದು ಕ್ರಮದಲ್ಲಿ ಕಂಡ, ಕತ್ತರಿಸಿದ, ಕೂಡಿಸಿದ ಕಣ್ಣೊಂದು ಇವುಗಳ ಹಿಂದೆ ಇತ್ತೆಂಬುದು ಇನ್ನೂ ಹೆಚ್ಚಿನ ನಿಜ. ಆ ಕಣ್ಣು ನಿರ್ದೇಶಕ ಎಸ್.ಆರ್. ಪುಟ್ಟಣ್ಣ ಕಣಗಾಲ್ ಅವರದು.

ಮುಕ್ಕಣ್ಣನ ಸಮಾಸ

ಚಿತ್ರದ ತುಣುಕುಗಳನ್ನು ಹೀಗೆ ಕೂಡಿಸಿ ಅರ್ಥ ಹುಟ್ಟಿಸುವ ವಿದ್ಯೆಗೆ ಚಲಚ್ಚಿತ್ರದವರು ‘ಮಾಂಟೇಜ್’ ಎಂಬ ಫ್ರೆಂಚ್ ಹೆಸರನ್ನು ಇಟ್ಟುಕೊಂಡಿದ್ದಾರೆ. ಮೂಲದಲ್ಲಿ ಅದಕ್ಕೆ ಜೋಡಣೆ ಎಂದಷ್ಟೇ ಅರ್ಥ. ಹೆಸರು ಫ್ರೆಂಚರದಾದರೂ ಅದರ ಶಾಸ್ತ್ರವನ್ನು ಬೆಳೆಸಿದವರು ರಷ್ಯದವರು. 1920ರ ಸುಮಾರಿನಲ್ಲಿ ಲೆವ್ ಕುಲೆಶೋವ್ ಎಂಬಾತ ಒಂದು ಪ್ರಯೋಗ ಮಾಡಿದನೆಂದು ಪ್ರಸಿದ್ಧಿ. ನಟನೊಬ್ಬನ ನಿರ್ವಿಕಾರವಾದ ಮುಖದ ಒಂದೇ ತುಣುಕನ್ನು ಒಮ್ಮೆ ಊಟದ ಬಟ್ಟಲಿನ ಪಕ್ಕದಲ್ಲಿ, ಇನ್ನೊಮ್ಮೆ ಶವಪೆಟ್ಟಿಗೆಯ ಪಕ್ಕದಲ್ಲಿ, ಮತ್ತೊಮ್ಮೆ ಚೆಲುವೆಯೊಬ್ಬಳ ಪಕ್ಕದಲ್ಲಿ ಇಟ್ಟು ತೋರಿಸಿದ. ನೋಡಿದವರು ಮೊದಲನೆಯದರಲ್ಲಿ ಹಸಿವನ್ನೂ ಎರಡನೆಯದರಲ್ಲಿ ಶೋಕವನ್ನೂ ಮೂರನೆಯದರಲ್ಲಿ ಅನುರಾಗವನ್ನೂ ಕಂಡು, ಎಂಥ ನಟನಪ್ಪಾ ಎಂದು ಕೊಂಡಾಡಿದರಂತೆ! ಮುಖ ಬದಲಾಗಿರಲಿಲ್ಲ, ನೆರೆಹೊರೆ ಬದಲಾಗಿತ್ತು.

ವ್ಯಾಕರಣದ ಪಾಠವೆಂದರೆ ತೂಕಡಿಸುವ ವಿದ್ಯಾರ್ಥಿಗಳಿಗೂ ಇದನ್ನು ನಮ್ಮ ಸಮಾಸಪ್ರಕರಣದಿಂದ ಸುಲಭವಾಗಿ ತಿಳಿಸಬಹುದು. ‘ಬೆಟ್ಟದಾವರೆ’ ಎಂದರೆ ಬೆಟ್ಟದಲ್ಲಿರುವ ತಾವರೆ. ಎರಡು ಪದ ಕೂಡಿದರೂ ನಮಗೆ ಸಿಗುವುದು ತಾವರೆಯೇ. ಇದು ತತ್ಪುರುಷ. ‘ಮುಕ್ಕಣ್ಣ’ ಎಂದಾಗ ಮೂರು ಎಂಬುದೂ ಮುಖ್ಯವಲ್ಲ, ಕಣ್ಣು ಎಂಬುದೂ ಮುಖ್ಯವಲ್ಲ. ಎರಡೂ ಕೂಡಿ, ಎರಡರಲ್ಲಿಯೂ ಇಲ್ಲದ ಶಿವನನ್ನು ತಂದು ಎದುರಿಗೆ ನಿಲ್ಲಿಸುತ್ತವೆ. ಇದು ಬಹುವ್ರೀಹಿ, ಅನ್ಯಪದದ ಅರ್ಥವೇ ಇಲ್ಲಿ ಪ್ರಧಾನ. ರಷ್ಯದ ಪುಡೋವ್ಕಿನ್ ತುಣುಕಿನ ಮೇಲೆ ತುಣುಕನ್ನು ಇಟ್ಟಿಗೆಯಂತೆ ಇಟ್ಟು ಕಟ್ಟಬೇಕೆಂದ. ಅದು ತತ್ಪುರುಷದ ದಾರಿ. ಸೆರ್ಗೇಯ್ ಐಸೆನ್‌ಸ್ಟೈನ್ ಎರಡು ತುಣುಕುಗಳು ಒಂದಕ್ಕೊಂದು ಢಿಕ್ಕಿ ಹೊಡೆಯಬೇಕು, ಆ ಢಿಕ್ಕಿಯಿಂದ ಮೂರನೆಯದೊಂದು ಭಾವ ಸಿಡಿಯಬೇಕು ಎಂದ. ಅದು ಬಹುವ್ರೀಹಿಯ ದಾರಿ. ಆತನ ‘ಬ್ಯಾಟಲ್‌ಶಿಪ್ ಪೊಟೆಮ್ಕಿನ್’ (1925) ಚಿತ್ರದಲ್ಲಿ ಒಡೆಸ್ಸಾ ನಗರದ ಮೆಟ್ಟಿಲುಗಳ ಮೇಲಿನ ಹತ್ಯಾಕಾಂಡದ ಬಳಿಕ ಮೂರು ಕಲ್ಲಿನ ಸಿಂಹಗಳು ಕಾಣಿಸಿಕೊಳ್ಳುತ್ತವೆ: ಒಂದು ಮಲಗಿದ್ದು, ಒಂದು ಎಚ್ಚತ್ತದ್ದು, ಒಂದು ಎದ್ದು ನಿಂತದ್ದು. ಕ್ರಿಮಿಯದ ಅರಮನೆಯೊಂದರ ಮುಂದಿರುವ ಬೇರೆ ಬೇರೆ ಮೂರು ವಿಗ್ರಹಗಳವು. ವೇಗವಾಗಿ ಒಂದರ ಮುಂದೊಂದು ಬಂದಾಗ ಕಲ್ಲಿನ ಸಿಂಹವೇ ಮೈಕೊಡವಿ ಎದ್ದಂತಾಗುತ್ತದೆ. ಅನ್ಯಾಯವನ್ನು ಕಂಡು ಕಲ್ಲೂ ಎದ್ದಿತು ಎಂಬ ಮಾತನ್ನು ಆತ ಒಂದಕ್ಷರವೂ ಇಲ್ಲದೆ ಹೇಳಿದ.

ಕಲ್ಲು ಏಳುವುದನ್ನು ನೋಡಲು ನಮ್ಮ ಬಾಗಲಕೋಟೆಯ ಸೀಮೆಯವರು ಕ್ರಿಮಿಯಕ್ಕೆ ಹೋಗಬೇಕಾಗಿಲ್ಲ. ಬಾದಾಮಿಯ ಮೊದಲನೆಯ ಗುಹೆಯ ಬಲಕ್ಕೆ, ಹೊರಬಂಡೆಯ ಮೇಲೆ, ಹದಿನೆಂಟು ಕೈಗಳ ನಟರಾಜನಿದ್ದಾನೆ. ಒಂದು ಮುಖ, ಒಂದು ಮುಂಡ, ಎರಡು ಕಾಲು. ಕೈ ಮಾತ್ರ ಒಂಬತ್ತು ಜೊತೆ. ಅಲ್ಲಿಯ ಮಾರ್ಗದರ್ಶಕರು ಬಲಗೈಗಳೊಂದಿಗೆ ಎಡಗೈಗಳನ್ನು ಬಗೆಬಗೆಯಾಗಿ ಜೊತೆಗೂಡಿಸಿ ಎಂಬತ್ತೊಂದು ಭಂಗಿಗಳ ಲೆಕ್ಕ ಒಪ್ಪಿಸುತ್ತಾರೆ. ಲೆಕ್ಕ ಹೇಗಾದರೂ ಇರಲಿ, ನರ್ತನದ ಹಲವು ಕ್ಷಣಗಳನ್ನು ಒಂದೇ ಚೌಕಟ್ಟಿನೊಳಗೆ ಒಂದರ ಮೇಲೊಂದು ಮೂಡಿಸಿದ ಶಿಲ್ಪಿ ಆರನೆಯ ಶತಮಾನದಲ್ಲಿಯೇ ಕಾಲವನ್ನು ಕತ್ತರಿಸಿ ಕೂಡಿಸುವ ಕೆಲಸಕ್ಕೆ ಕೈಹಾಕಿದ್ದನೆಂಬುದು ಸ್ಪಷ್ಟ.

ಹುನಗುಂದ ತಾಲೂಕಿನ ಐಹೊಳೆಯ ದುರ್ಗದ ಗುಡಿ ಇದಕ್ಕಿಂತಲೂ ಹತ್ತಿರದ ಉದಾಹರಣೆ. (ಈ ಗುಡಿಗೆ ಹೆಸರು ಬಂದದ್ದು ದುರ್ಗಾದೇವಿಯಿಂದಲ್ಲ, ಪಕ್ಕದಲ್ಲಿದ್ದ ಕೋಟೆಯಿಂದ.) ಗರ್ಭಗುಡಿಯನ್ನು ಬಳಸಿ ಹಿಂಭಾಗದಲ್ಲಿ ದುಂಡಗೆ ತಿರುಗುವ ಕಂಬಸಾಲಿನ ಪಡಸಾಲೆಯಲ್ಲಿ ಪ್ರದಕ್ಷಿಣೆ ಹೊರಟರೆ, ಗೋಡೆಯ ಗೂಡುಗಳಲ್ಲಿ ನಂದಿಯೊಡನೆ ನಿಂತ ಶಿವ, ಬಳಿಕ ನರಸಿಂಹ, ಗರುಡನೊಡನೆ ವಿಷ್ಣು, ವರಾಹ, ಮಹಿಷಮರ್ದಿನಿ, ಹರಿಹರ ಎಂದು ಒಬ್ಬೊಬ್ಬರೇ ಎದುರಾಗುತ್ತಾರೆ. ಮುಂದಿನದು ತಿರುವಿನಾಚೆ ಮರೆಯಾಗಿರುತ್ತದೆ; ಹಿಂದಿನದು ಮನಸ್ಸಿನಲ್ಲಿ ಉಳಿದಿರುತ್ತದೆ. ಶಿವನಿಂದ ಹೊರಟು ವಿಷ್ಣುವಿನ ಅವತಾರಗಳನ್ನು ದಾಟಿ ಬಂದವನಿಗೆ ಕೊನೆಯಲ್ಲಿ ಇಬ್ಬರೂ ಒಂದೇ ದೇಹದಲ್ಲಿ ಕಾಣಿಸುತ್ತಾರೆ. ನಡೆಯುವವನೇ ಇಲ್ಲಿ ಕ್ಯಾಮೆರಾ. ಬಿಸಿಲು, ಕಂಬದ ನೆರಳು, ಬಿಸಿಲು, ಕಂಬದ ನೆರಳು ಎಂದು ಅವನ ಹೆಜ್ಜೆಗಳ ನಡುವೆ ಕತ್ತರಿ ಬೀಳುತ್ತದೆ. ಐಸೆನ್‌ಸ್ಟೈನನೂ ‘ಮಾಂಟೇಜ್ ಮತ್ತು ವಾಸ್ತುಶಿಲ್ಪ’ ಎಂಬ ಪ್ರಬಂಧದಲ್ಲಿ ಗ್ರೀಸಿನ ಅಕ್ರೊಪೊಲಿಸ್ ಬೆಟ್ಟವನ್ನು ಹತ್ತುವವನಿಗೆ ಕಟ್ಟಡಗಳು ಒಂದರ ಬಳಿಕ ಒಂದಾಗಿ ಕಾಣುವ ಬಗೆಯನ್ನು ಹೀಗೆಯೇ ವರ್ಣಿಸಿದ್ದಾನೆ. ಆತ ಐಹೊಳೆಯನ್ನು ಕಂಡಿದ್ದರೆ ಎಂಬ ಆಸೆ ನಮ್ಮಂಥವರಿಗೆ ಆಗುವುದು ಸಹಜ.

ಜೋಡಣೆಯ ಮಾತು ಬಂದಾಗ ಇಳಕಲ್ಲಿನ ನೇಕಾರರನ್ನು ಬಿಟ್ಟರೆ ತಪ್ಪಾದೀತು. ಇಳಕಲ್ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಮಗ್ಗದ ಮೇಲೆಯೇ ಒಂದರ ಎಳೆಗೆ ಇನ್ನೊಂದರ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಾರೆ, ಹೊಲಿಗೆಯಿಲ್ಲ, ಗಂಟಿಲ್ಲ. ನಸುಗಪ್ಪು ಒಡಲು ಮುಗಿದು ಕೆಂಪು ಸೆರಗು ಏಳುವ ಗೆರೆ ಕಣ್ಣಿಗೆ ಢಾಳಾಗಿ ಹೊಡೆಯಬೇಕು. ಕೈಗೆ ಮಾತ್ರ ತಡೆಯಾಗಬಾರದು. ಚಿತ್ರ ಸಂಕಲನದ ಗುಟ್ಟೂ ಇಷ್ಟೇ ಎಂದು ನನಗೆ ಅನ್ನಿಸಿದೆ. ಬಣ್ಣ ಬದಲಾದದ್ದು ಪ್ರೇಕ್ಷಕನಿಗೆ ತಿಳಿಯಬೇಕು, ಕೂಡಿಸಿದ ಜಾಗ ತಿಳಿಯಬಾರದು.

ಒಂದೇ ಬಂಡೆ, ಎರಡು ಕಾಲ

ಪುಟ್ಟಣ್ಣನವರು ಪಿರಿಯಾಪಟ್ಟಣ ತಾಲೂಕಿನ ಕಣಗಾಲಿನಲ್ಲಿ 1933ರಲ್ಲಿ ಹುಟ್ಟಿದವರು, ಬಿ.ಆರ್. ಪಂತುಲು ಅವರ ಕೈಕೆಳಗೆ ಸಹಾಯಕರಾಗಿದ್ದು ಕೆಲಸ ಕಲಿತವರು. ಅವರು ಕನ್ನಡದಲ್ಲಿ ಮೊದಲು ನಿರ್ದೇಶಿಸಿದ ‘ಬೆಳ್ಳಿಮೋಡ’ (1967) ಬಂದಾಗ ನಮ್ಮ ಚಿತ್ರಗಳ ಬಹುಪಾಲು ಮದರಾಸಿನ ಸ್ಟುಡಿಯೋಗಳ ನಾಲ್ಕು ಗೋಡೆಗಳೊಳಗೆ ತಯಾರಾಗುತ್ತಿತ್ತು. ಬಣ್ಣ ಬಳಿದ ಪರದೆಯ ಬೆಟ್ಟ, ಕಾಗದದ ಹೂವು, ದೀಪದ ಬೆಳದಿಂಗಳು. ಪುಟ್ಟಣ್ಣ ಕ್ಯಾಮೆರಾವನ್ನು ಹೊರಕ್ಕೆ ಹೊರಡಿಸಿದರು. ನಮ್ಮ ಧಾರವಾಡದ ಬೇಂದ್ರೆಯವರ ‘ಬೆಳಗು’ ಕವಿತೆಯನ್ನು ಆ ಚಿತ್ರದಲ್ಲಿ ಮಲೆನಾಡಿನ ಬೆಟ್ಟಗಳ ಜೊತೆಗಿಟ್ಟು ಅವರು ತೋರಿಸಿದ ಬಗೆ ಅಂದಿನವರಿಗೆ ಹೊಸದು. ಬಯಲುಸೀಮೆಯ ಅಂಚಿನ ಕವಿಯ ಮುಂಜಾವು, ಮಲೆನಾಡಿನ ಬೆಟ್ಟ. ಎರಡೂ ಕೂಡಿದಾಗ ಕವಿತೆಯದೂ ಅಲ್ಲದ, ಬೆಟ್ಟದ್ದೂ ಅಲ್ಲದ ಒಂದು ಬೆಳಗಾಯಿತು. ಕಪ್ಪು ಬಿಳುಪಿನಲ್ಲಿ! ಬೇಂದ್ರೆಯವರ ಮೇಲಿನ ಪ್ರೀತಿ ಅಲ್ಲಿಗೆ ನಿಲ್ಲದೆ ‘ಶರಪಂಜರ’ (1971) ಚಿತ್ರಕ್ಕೂ ಮುಂದುವರಿಯಿತು.

ಅವರ ಎಲ್ಲ ಅಭ್ಯಾಸಗಳನ್ನೂ ಮೆಚ್ಚಬೇಕೆಂದು ನಾನು ಹೇಳುವುದಿಲ್ಲ. ಮುಖದ ಮೇಲೆ ತಟ್ಟನೆ ಎರಗುವ ಜೂಮ್ ಅವರಿಗೆ ಅತಿಪ್ರಿಯವಾಗಿತ್ತು. ಒಮ್ಮೆ ಸಾಕಾಗುವಲ್ಲಿ ಮೂರು ಬಾರಿ ಎರಗಿದ್ದುಂಟು. ಮಾತಿನಲ್ಲಿ ಆಗಲೇ ಹೇಳಿ ಮುಗಿದದ್ದನ್ನು ಸಂಕೇತದಿಂದ ಮತ್ತೊಮ್ಮೆ ಒತ್ತಿ ಹೇಳುವ ಚಪಲವೂ ಇತ್ತು. ನಾಟಕೀಯತೆ ಹೆಚ್ಚಾಯಿತೆಂದು ದೂರಿದವರ ಮಾತನ್ನು ಪೂರ್ತಿಯಾಗಿ ತಳ್ಳಿಹಾಕುವಂತಿಲ್ಲ. ಆದರೆ ಒಂದು ಸ್ಥಳದ ಕಲ್ಲು ನೀರುಗಳನ್ನು ಪಾತ್ರಗಳನ್ನಾಗಿ ಮಾಡಿಕೊಂಡು ಅವುಗಳಿಂದ ಅಭಿನಯ ಮಾಡಿಸುವ ಅವರ ಶಕ್ತಿಯ ಮುಂದೆ ಈ ದೋಷಗಳು ನಿಲ್ಲುವುದಿಲ್ಲ.

‘ನಾಗರಹಾವು’ ಚಿತ್ರದಲ್ಲಿ ಆ ಪಾತ್ರ ಚಿತ್ರದುರ್ಗದ ಬೆಟ್ಟ. ಅದೇ ಬೆಟ್ಟದ ಮೇಲೆ ಪುಟ್ಟಣ್ಣ ಎರಡು ಹಾಡುಗಳನ್ನು ಚಿತ್ರಿಸಿದ್ದಾರೆ. ಎರಡೂ ಕಾಲದೊಡನೆ ಆಡಿದ ಆಟ.

ಮೊದಲನೆಯದು ‘ಬಾರೆ ಬಾರೆ’ ಎಂದು ಮೊದಲಾಗುವ ಪ್ರಣಯಗೀತೆ. ರಾಮಾಚಾರಿಯಾಗಿ ವಿಷ್ಣುವರ್ಧನ್, ಅಲಮೇಲುವಾಗಿ ಆರತಿ. ಇಡೀ ಹಾಡು ಮಂದಗತಿಯಲ್ಲಿ, ಅಂದರೆ ‘ಸ್ಲೋ ಮೋಷನ್’ನಲ್ಲಿ ಸಾಗುತ್ತದೆ. ತಂತ್ರ ಸರಳವಾದದ್ದೇ. ಸಾಮಾನ್ಯವಾಗಿ ಕ್ಯಾಮೆರಾದಲ್ಲಿ ಸೆಕೆಂಡಿಗೆ 24 ಚಿತ್ರಗಳು ಮೂಡುತ್ತವೆ. ತೆರೆಯ ಮೇಲೂ 24 ಓಡುತ್ತವೆ. ಕ್ಯಾಮೆರಾವನ್ನು ಇಮ್ಮಡಿ ವೇಗದಲ್ಲಿ ಓಡಿಸಿ 48 ಚಿತ್ರ ತೆಗೆದು, ಅವನ್ನು 24ರ ವೇಗದಲ್ಲಿಯೇ ತೋರಿಸಿದರೆ ಒಂದು ಕ್ಷಣ ಎರಡು ಕ್ಷಣವಾಗಿ ಹಿಗ್ಗುತ್ತದೆ. ಫಿಲ್ಮೂ ಎರಡು ಪಟ್ಟು ಸುಡುತ್ತದೆ, ನಿರ್ಮಾಪಕರ ಎದೆಯೂ! ಓಡಿ ಬರುವ ಹೆಜ್ಜೆ ನೆಲಕ್ಕೆ ತಾಗಲು ಮನಸ್ಸಿಲ್ಲದೆ ಗಾಳಿಯಲ್ಲಿ ತಡೆಯುತ್ತದೆ; ಹಾರಿದ ಸೆರಗು ಇಳಿಯುವುದೇ ಇಲ್ಲ. ಹಾಡಿನ ತಾಳದ ಗತಿ ಒಂದು, ದೇಹಗಳ ಗತಿ ಇನ್ನೊಂದು. ಈ ಅಂತರದಿಂದ ಹಾಡಿಗೆ ಕನಸಿನ ಲಕ್ಷಣ ಬಂದಿತು. ಛಾಯಾಗ್ರಾಹಕ ಚಿಟ್ಟಿಬಾಬು ಅವರ ಕೈಚಳಕವನ್ನು ಇಲ್ಲಿ ನೆನೆಯಬೇಕು.

ಎರಡನೆಯದು ಓಬವ್ವನದು. ಅಲ್ಲಿ ಕಾಲವನ್ನು ಹಿಗ್ಗಿಸುವ ಬದಲು ಕುಟ್ಟಿ ಪುಡಿಮಾಡಲಾಗಿದೆ. ಜನಜನಿತವಾದ ಕಥೆ ಗೊತ್ತೇ ಇದೆ: ಗಂಡ ಊಟಕ್ಕೆ ಬಂದಿದ್ದಾನೆ, ಆತನಿಗೆ ನೀರು ತರಲೆಂದು ಹೆಂಡತಿ ಹತ್ತಿರದ ತಣ್ಣೀರು ದೋಣಿಯ ಕಡೆಗೆ ಹೋಗಿದ್ದಾಳೆ, ಬಂಡೆಗಳ ನಡುವಣ ಕಿಂಡಿಯಿಂದ ಶತ್ರುಗಳು ಒಬ್ಬೊಬ್ಬರಾಗಿ ನುಸುಳುತ್ತಿರುವುದು ಕಂಡಿದೆ, ಕೈಗೆ ಸಿಕ್ಕಿದ್ದು ಒನಕೆ. ಈ ಕಥೆಯೇ, ನೋಡಿ, ತುಣುಕು ತುಣುಕಾಗಿ ಹುಟ್ಟಿದೆ. ಆ ಕಿಂಡಿಯೇ ಒಂದು ಚೌಕಟ್ಟು. ಅದರಲ್ಲಿ ಒಂದು ಸಲಕ್ಕೆ ಒಂದೇ ತಲೆ ಹಿಡಿಯುತ್ತದೆ. ಅದು ಸರಿದ ಮೇಲೆ ಇನ್ನೊಂದು. ಚಿತ್ರಮಂದಿರದ ಯಂತ್ರದ ಗವಾಕ್ಷಿಯ ಮುಂದೆ ಫಿಲ್ಮಿನ ಚಿತ್ರಗಳು ಒಂದೊಂದಾಗಿ ಬಂದು ನಿಂತು ಸರಿಯುವುದೂ ಹೀಗೆಯೇ. ಪುಟ್ಟಣ್ಣನವರ ಕಣ್ಣಿಗೆ ಈ ಸಾದೃಶ್ಯ ಹೊಳೆದಿತ್ತೋ ಇಲ್ಲವೋ, ಅವರ ಕೈ ಅದನ್ನು ಬಲ್ಲಂತೆ ನಡೆದುಕೊಂಡಿದೆ.

ನೂರಾರು ಜನ ಸತ್ತರೆಂದು ಕಥೆ ಹೇಳುತ್ತದೆ. ನೂರು ಸಾವನ್ನು ತೋರಿಸಿದರೆ ನೋಡುವವರಿಗೆ ಬೇಸರ. ಒಂದನ್ನೇ ತೋರಿಸಿದರೆ ನಂಬಿಕೆಯಿಲ್ಲ. ನಿರ್ದೇಶಕರು ಆರಿಸಿಕೊಂಡದ್ದು ಆವರ್ತನೆಯನ್ನು. ಕಿಂಡಿ, ಕಣ್ಣು, ಒನಕೆ. ಮತ್ತೆ ಕಿಂಡಿ, ಕಣ್ಣು, ಒನಕೆ. ಕ್ರಮ ಒಂದೇ ಆದುದರಿಂದ ನಮ್ಮ ಮನಸ್ಸು ಎಣಿಕೆಯನ್ನು ತಾನೇ ಮುಂದುವರಿಸುತ್ತದೆ. ತೆರೆ ನಾಲ್ಕು ಕೊಟ್ಟರೆ ನಾವು ನೂರು ಮಾಡಿಕೊಳ್ಳುತ್ತೇವೆ. ಇಲ್ಲಿ ಒನಕೆಯ ಆಯ್ಕೆ ಕಥೆಯದಾದರೂ ಅದರ ಲಯವನ್ನು ಕೇಳಿಸಿದ್ದು ಚಿತ್ರ. ನಮ್ಮ ಹಳ್ಳಿಗಳ ಹೆಂಗಸರು ಕುಟ್ಟುವಾಗ ಪದ ಹೇಳಿಕೊಳ್ಳುವುದನ್ನು ಕೇಳಿದವರಿಗೆ ಆ ಲಯ ಗೊತ್ತು: ಏರುವಾಗ ಉಸಿರು, ಇಳಿಯುವಾಗ ಸದ್ದು. ಜೋಳವನ್ನೋ ಭತ್ತವನ್ನೋ ಕುಟ್ಟುತ್ತಿದ್ದ ಅದೇ ತೋಳು, ಅದೇ ತಾಳ. ಒರಳಿನ ಜಾಗದಲ್ಲಿ ಕಿಂಡಿ ಬಂದಿದೆ, ಅಷ್ಟೇ. ಅಡಿಗೆಮನೆ ಮತ್ತು ರಣರಂಗ ಎಂಬ ಎರಡು ಪದಗಳು ಕೂಡಿ ಇಲ್ಲಿ ಬಹುವ್ರೀಹಿಯಾಗಿವೆ. ಖಡ್ಗ ಹಿಡಿದ ರಾಣಿಯರನ್ನು ನಾವು ಗೌರವಿಸುತ್ತೇವೆ; ಒನಕೆ ಹಿಡಿದ ಓಬವ್ವ ನಮ್ಮ ಮನೆಯ ಹಿತ್ತಿಲಿನಿಂದ ಎದ್ದು ಬಂದಂತಿರುವುದರಿಂದ ಮೈ ಜುಮ್ಮೆನ್ನುತ್ತದೆ.

ಹಾಡುಗಳ ನಡುವಣ ಕತ್ತರಿ

ಇಲ್ಲಿಯವರೆಗೆ ಹೇಳಿದ್ದು ಒಂದು ಹಾಡಿನೊಳಗಿನ ಜೋಡಣೆ. ಇದಕ್ಕಿಂತ ದೊಡ್ಡ ಜೋಡಣೆಯೊಂದು ಆ ಚಿತ್ರದಲ್ಲಿದೆ. ಅದು ಬಹಳ ಜನರ ಗಮನಕ್ಕೆ ಬಾರದೆ ಹೋಗಿದೆ ಎಂಬುದು ನನ್ನ ಕೊರಗು. ಈಗಂತೂ ಓಬವ್ವನ ಹಾಡನ್ನು ಫೋನಿನಲ್ಲಿ ಬಿಡಿಯಾಗಿ ನೋಡಿ ಮುಗಿಸುವುದೇ ವಾಡಿಕೆ. ಶಾಲೆಯ ವಾರ್ಷಿಕೋತ್ಸವಗಳಲ್ಲಿಯೂ ಅದು ಬಿಡಿಯಾಗಿಯೇ ಕುಣಿಯುತ್ತದೆ. ಬಿಡಿ ಹಾಡು ವೀರಗಾಥೆ. ಇಡಿ ಚಿತ್ರದಲ್ಲಿ ಅದೇ ಹಾಡು ಬೇರೊಂದು ಮಾತನ್ನು ಆಡುತ್ತದೆ.

ಚಿತ್ರದ ಕಥೆಯನ್ನು ನೆನಪಿಸಿಕೊಳ್ಳೋಣ. ಅಲಮೇಲು ಮತ್ತು ರಾಮಾಚಾರಿಯರ ಪ್ರೀತಿಗೆ ಜಾತಿ ಅಡ್ಡ ಬರುತ್ತದೆ. ತಂದೆಗಿಂತ ಹೆಚ್ಚೆಂದು ನಂಬಿದ್ದ ಚಾಮಯ್ಯ ಮೇಷ್ಟರ ಮಾತಿಗೆ ಕಟ್ಟುಬಿದ್ದು ರಾಮಾಚಾರಿ ಆಕೆಯನ್ನು ಬಿಟ್ಟುಕೊಡುತ್ತಾನೆ. ಆಕೆಯ ಮದುವೆ ಇನ್ನೊಬ್ಬನೊಡನೆ ನಡೆದುಹೋಗುತ್ತದೆ. ಕೆಲಕಾಲದ ಮೇಲೆ ಅವನು ಅವಳನ್ನು ಮತ್ತೆ ಕಾಣುವುದು ಮೈಮಾರುವ ಹೆಣ್ಣಾಗಿ. ಆ ಗತಿಗೆ ಅವಳನ್ನು ತಂದವನು ಕೈಹಿಡಿದ ಗಂಡನೇ. ಮಂದಗತಿಯಲ್ಲಿ ಗಾಳಿಯಲ್ಲಿ ತೇಲಿದ ಆ ಸೆರಗನ್ನು ನೆನೆದುಕೊಂಡು ಈ ಭೇಟಿಯನ್ನು ನೋಡಿದರೆ ಎದೆ ಕುಸಿಯದವರು ವಿರಳ. ಅಲ್ಲಿ ಕಾಲ ನಿಂತಿತ್ತು. ಇಲ್ಲಿ ಕಾಲ ತನ್ನ ಲೆಕ್ಕವನ್ನು ಚುಕ್ತಾ ಮಾಡಿಕೊಂಡಿದೆ.

ಈಗ ಓಬವ್ವನನ್ನು ಈ ಅಲಮೇಲುವಿನ ಪಕ್ಕದಲ್ಲಿ ನಿಲ್ಲಿಸಿ. ಕುಲೆಶೋವನ ಪ್ರಯೋಗದಲ್ಲಿ ಮುಖದ ಪಕ್ಕಕ್ಕೆ ಶವಪೆಟ್ಟಿಗೆ ಬಂದಂತೆ ಓಬವ್ವನ ಹಾಡಿನ ಪಕ್ಕಕ್ಕೆ ಅಲಮೇಲುವಿನ ಬದುಕು ಬಂದಿದೆ. ಇನ್ನೂರು ವರ್ಷಗಳ ಹಿಂದಿನ ಹೆಣ್ಣಿನ ಕೈಯಲ್ಲಿದ್ದ ಒನಕೆಯನ್ನು ಹಾಡಿ ಹೊಗಳುವ ಊರು, ಕಣ್ಣೆದುರಿನ ಹೆಣ್ಣೊಬ್ಬಳಿಗೆ ತನ್ನ ಗಂಡನನ್ನು ತಾನೇ ಆರಿಸಿಕೊಳ್ಳುವಷ್ಟು ಸ್ವಾತಂತ್ರ್ಯವನ್ನೂ ಕೊಡಲಿಲ್ಲ. ಓಬವ್ವನ ಶತ್ರು ಕಿಂಡಿಯಿಂದ ಬಂದ. ಅಲಮೇಲುವಿನ ಶತ್ರು ತಾಳಿ ಕಟ್ಟಿ ಮುಂಬಾಗಿಲಿನಿಂದಲೇ ಬಂದ. ಮಾತಿನಲ್ಲಿ ಈ ಆಪಾದನೆಯನ್ನು ಹೊರಿಸಿದ್ದರೆ 1972ರ ಪ್ರೇಕ್ಷಕರು ಉಪದೇಶವೆಂದು ಎದ್ದುಹೋಗುತ್ತಿದ್ದರೋ ಏನೋ. ಕೊನೆಗೆ ರಾಮಾಚಾರಿ ಮತ್ತು ಮಾರ್ಗರೆಟ್ ಪ್ರಾಣ ನೀಗಿಕೊಳ್ಳುವುದೂ ಅದೇ ಬೆಟ್ಟದ ಮೇಲೆ. ಪ್ರೇಮದ ಬಂಡೆ, ಶೌರ್ಯದ ಬಂಡೆ, ಮರಣದ ಬಂಡೆ—ಕಲ್ಲು ಒಂದೇ, ನೆರೆಹೊರೆ ಬೇರೆ.

ಹೀಗೆ ಓದುವುದಕ್ಕೆ ಎಲ್ಲರೂ ಒಪ್ಪಲಿಕ್ಕಿಲ್ಲ. ಮೂಲ ಲೇಖಕರಾದ ತ.ರಾ.ಸು. ಅವರಿಗೇ ಚಿತ್ರ ಹಿಡಿಸಲಿಲ್ಲ. ತಮ್ಮ ನಾಗರಹಾವನ್ನು ಕೇರೆಹಾವು ಮಾಡಿದರೆಂಬ ಅವರ ಟೀಕೆ ಪ್ರಸಿದ್ಧವಾಗಿದೆ. ದುರ್ಗದ ಇತಿಹಾಸವನ್ನು ಕಾದಂಬರಿಯಿಂದ ಕಾದಂಬರಿಗೆ ಬರೆದು, ‘ದುರ್ಗಾಸ್ತಮಾನ’ದಂತಹ ಕೃತಿಯನ್ನು ಕೊಟ್ಟವರಿಗೆ ಹಾಗೆ ಅನ್ನುವ ಹಕ್ಕೂ ಇತ್ತು. ಮೂರು ಕಾದಂಬರಿಗಳ ನೂರಾರು ಪುಟಗಳನ್ನು ಒಂದು ಚಿತ್ರಕ್ಕೆ ಇಳಿಸುವಾಗ ಕತ್ತರಿಗೆ ಸಿಕ್ಕಿ ಬಿದ್ದುಹೋದದ್ದೆಷ್ಟೋ. ಆದರೆ ಓಬವ್ವನ ಹಾಡಿನ ನೆರೆಯಲ್ಲಿ ಅಲಮೇಲುವನ್ನು ಇರಿಸಿದ್ದು ಕಾದಂಬರಿಕಾರನ ಲೇಖನಿಗಿಂತ ಹೆಚ್ಚಾಗಿ ನಿರ್ದೇಶಕನ ಕತ್ತರಿ ಎಂದೇ ನನ್ನ ಅಭಿಪ್ರಾಯ. 2018ರಲ್ಲಿ ಡಿಜಿಟಲ್ ರೂಪ ಕೊಟ್ಟು ಚಿತ್ರವನ್ನು ಮರಳಿ ಬಿಡುಗಡೆ ಮಾಡಿದಾಗ ಹೊಸ ತಲೆಮಾರಿನವರಿಗೆ ಅದನ್ನು ದೊಡ್ಡ ತೆರೆಯ ಮೇಲೆ ಇಡಿಯಾಗಿ ನೋಡುವ ಅವಕಾಶ ದೊರೆಯಿತು. ಆಗ ತಪ್ಪಿಸಿಕೊಂಡವರು ಮನೆಯಲ್ಲಾದರೂ ಒಮ್ಮೆ ಎಲ್ಲಿಯೂ ನಿಲ್ಲಿಸದೆ ನೋಡಬೇಕು.

ಮುಖ ಸಿಕ್ಕವರು, ಸಿಗದವರು

ಮಾಂಟೇಜಿನ ಶಕ್ತಿಯೊಡನೆ ಒಂದು ಅಪಾಯವೂ ಉಂಟು. ಓಬವ್ವ ಹೇಗಿದ್ದಳೆಂದು ಇಂದು ಯಾರೂ ಊಹಿಸಬೇಕಾಗಿಲ್ಲ. ಅವಳು ಜಯಂತಿಯವರ ಹಾಗಿದ್ದಳು! ಏಳು ಸುತ್ತಿನ ಕೋಟೆಯನ್ನು ನೋಡಲು ಹೋದ ಕುಟುಂಬಗಳು ಓಬವ್ವನ ಕಿಂಡಿಯ ಮುಂದೆ ನಿಂತಾಗ ಅವರ ಕಣ್ಣಿನೊಳಗೆ ಓಡುವುದು ಪುಟ್ಟಣ್ಣನವರ ತುಣುಕುಗಳೇ. ಪುಟ್ಟಣ್ಣ 1985ರಲ್ಲಿ, ವಿಷ್ಣುವರ್ಧನ್ 2009ರಲ್ಲಿ, ಜಯಂತಿಯವರು 2021ರಲ್ಲಿ ತೀರಿಕೊಂಡರು. ಆ ಒನಕೆ ಮಾತ್ರ ಇಳಿದಿಲ್ಲ. ತಲೆಮಾರುಗಳಿಂದ ಜನ ಬಾಯಿಂದ ಬಾಯಿಗೆ ಹೇಳಿಕೊಂಡು ಬಂದ ಕಥೆಯ ನೂರು ಮುಖಗಳನ್ನು ಒಂದು ಹಾಡು ಒಂದೇ ಮುಖವಾಗಿ ಮಾಡಿಬಿಟ್ಟಿತು. ಇದು ಲಾಭವೂ ಹೌದು, ನಷ್ಟವೂ ಹೌದು. ಆಲಮಟ್ಟಿಯ ಹಿನ್ನೀರಿನಲ್ಲಿ ಹಳೆಯ ಬಾಗಲಕೋಟೆಯ ಓಣಿಗಳನ್ನು ಕಳೆದುಕೊಂಡವರಿಗೆ ಇದರ ಅನುಭವ ಚೆನ್ನಾಗಿ ಇದೆ: ಮನೆಯ ನಾಲ್ಕು ಫೋಟೋ ಉಳಿದಿದ್ದರೆ, ಇಡೀ ಮನೆಯ ನೆನಪು ಮೆಲ್ಲಮೆಲ್ಲನೆ ಆ ನಾಲ್ಕು ಫೋಟೋಗಳಷ್ಟೇ ಆಗುತ್ತದೆ.

ನಮ್ಮ ಕಡೆಯ ಕಲ್ಲುಗಳಿಗೆ ಇಂಥ ಕತ್ತರಿ ಇನ್ನೂ ದಕ್ಕಿಲ್ಲವೆಂಬುದು ಮಾತ್ರ ಸತ್ಯ. ಬಾದಾಮಿಯಿಂದ ಆಳಿದ ದೊರೆಯನ್ನು ಕುರಿತ ‘ಇಮ್ಮಡಿ ಪುಲಿಕೇಶಿ’ 1967ರಲ್ಲಿ ಬಂದಿತು. ರಾಜಕುಮಾರರ ಗಾಂಭೀರ್ಯ ಅದರಲ್ಲಿ ಇಂದಿಗೂ ನೋಡುವಂಥದು. ಮಣಿರತ್ನಂ ಅವರ ‘ಗುರು’ (2007) ಮೊದಲಾದ ಪರಭಾಷೆಯ ಚಿತ್ರಗಳ ಕ್ಯಾಮೆರಾಗಳೂ ಬಾದಾಮಿಗೆ ಬಂದು ಹೋಗಿವೆ. ಆದರೆ ಬಂದವರಿಗೆ ಹೆಚ್ಚಾಗಿ ಬೇಕಾದದ್ದು ಕೆಂಪು ಬಂಡೆಯ ಸೊಗಸಾದ ಹಿನ್ನೆಲೆ. ಬಂಡೆಯ ಕಥೆಯನ್ನು ಕೇಳುವಷ್ಟು ಪುರುಸೊತ್ತು ಅವರಿಗೆ ಇರಲಿಲ್ಲ.

ಕಥೆ ಇಲ್ಲದೆ ಇಲ್ಲ. ಅಗಸ್ತ್ಯತೀರ್ಥದ ಆಚೆಯ ಕಡಿದಾದ ಬಂಡೆಯ ಮೇಲೆ ಕಪ್ಪೆ ಅರಭಟ್ಟನೆಂಬವನ ಶಾಸನವಿದೆ. ಕ್ರಿ.ಶ. 700ರ ಸುಮಾರಿನದೆಂದು ವಿದ್ವಾಂಸರ ಮತ. ಕನ್ನಡ ಎಂ.ಎ. ಓದಿದವರೆಲ್ಲರೂ ಅದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದವರೇ. ನಮ್ಮ ತ್ರಿಪದಿಯ ಅತಿ ಹಳೆಯ ಮಾದರಿ ಅದರಲ್ಲಿದೆ. ಒಳ್ಳೆಯವರಿಗೆ ಒಳ್ಳೆಯವನು, ಕೆಣಕಿದವರಿಗೆ ಕೇಡುಗಾಲ ಎಂಬ ತಾತ್ಪರ್ಯದ ಹೊಗಳಿಕೆ. ಓಬವ್ವನಂತೆ ಈತನೂ ಸಿಂಹಾಸನದ ಮೇಲೆ ಕುಳಿತವನಲ್ಲ. ಬಂಡೆಯಲ್ಲಿ ಕೊರೆದ ಅಕ್ಷರ ಅವನಿಗಿದೆ. ಹದಿಮೂರು ಶತಮಾನಗಳ ಬಿಸಿಲುಮಳೆಗೂ ಅದು ಅಳಿದಿಲ್ಲ. ಆದರೂ ಬಾದಾಮಿಯ ಬಸ್ ನಿಲ್ದಾಣದಲ್ಲಿ ನಿಂತು ಅರಭಟ್ಟ ಯಾರೆಂದು ಹತ್ತು ಜನರನ್ನು ಕೇಳಿದರೆ ಎಷ್ಟು ಜನ ಹೇಳಿಯಾರು? ಅದೇ ಹತ್ತು ಜನರನ್ನು ಓಬವ್ವ ಯಾರೆಂದು ಕೇಳಿ. ಮಾತಿಗೆ ಮೊದಲು ಕೈ ಮೇಲೇಳುತ್ತದೆ.

ಆ ಶಾಸನದ ಬಳಿಗೆ ಹೋಗುವವರು ಸಂಜೆಯ ಹೊತ್ತು ಹೋಗಬೇಕು. ಬಿಸಿಲು ಓರೆಯಾಗಿ ಬಿದ್ದಾಗ ಅಕ್ಷರಗಳ ಒಳಗೆ ನೆರಳು ತುಂಬಿ ಒಂದೊಂದು ಸಾಲೂ ಎದ್ದು ಕಾಣುತ್ತದೆ. ಕೆಳಗೆ ಕೆರೆ, ಎದುರಿಗೆ ಗುಹೆಗಳ ಗುಡ್ಡ, ಬಂಡೆಯಿಂದ ಬಂಡೆಗೆ ನೆಗೆಯುವ ಕೋತಿಗಳ ಹಿಂಡು, ಮೆಟ್ಟಿಲ ಮೇಲೆ ಬಟ್ಟೆ ಒಗೆಯುವವರ ಸದ್ದು. ಆ ಸದ್ದು ಗುಡ್ಡಕ್ಕೆ ಬಡಿದು ಅರೆಕ್ಷಣ ತಡವಾಗಿ ಮರಳಿ ಕೇಳಿಸುತ್ತದೆ.